ವಿಬಿ ಡಾಟ್ ನೆಟ್‌ನಿಂದ ಸಿ ಶಾರ್ಪ್‌ಗೆ ತಂದ ಮೇಲೆ ಹಾಲಿನ ಬಟವಾಡೆ ಕಡಿಮೆ ಬರುತ್ತಿದೆ

ನಾಲೆಬಯಲು, ಮಂಡ್ಯ

ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಬಟವಾಡೆ ಲೆಕ್ಕಕ್ಕೆ ವಿಬಿ ಡಾಟ್ ನೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತಂತ್ರಾಂಶವೊಂದಿದೆ. ವಿಷುಯಲ್ ಸ್ಟುಡಿಯೋ 2008ರ ಕಾಲದ್ದು. ಬೆಳಿಗ್ಗೆ, ಸಂಜೆ ಸದಸ್ಯರು ಹಾಕಿದ ಲೀಟರು, ಫ್ಯಾಟು, ಡಿಗ್ರಿ (ಲ್ಯಾಕ್ಟೋಮೀಟರ್ ಅಂಕಿ) ನಮೂದಾದರೆ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಲೆಕ್ಕ ಹಾಕಿ, ದರ ಹಿಡಿದು, ಹದಿನೈದು ದಿನಕ್ಕೊಮ್ಮೆ ಪಟ್ಟಿ ತೆಗೆದುಕೊಡುತ್ತದೆ. ಬರೆದವರು ಈಗ ಊರಿನಲ್ಲಿಲ್ಲ. ಮುಂದೆ ನೋಡಿಕೊಳ್ಳಲು ಒಪ್ಪಿರುವ ನನ್ನ ತಂಗಿಗೆ ಗೊತ್ತಿರುವುದು ಸಿ ಶಾರ್ಪ್ ಎಂಬ ಇನ್ನೊಂದು ಭಾಷೆ. ಹಾಗಾಗಿ ಅರ್ಧ ಭಾಗವನ್ನು ಅಂತರ್ಜಾಲದ ಪರಿವರ್ತಕವೊಂದಕ್ಕೆ ಕೊಟ್ಟು, ಉಳಿದದ್ದನ್ನು ಕೈಯಿಂದಲೇ ಬದಲಿಸಿದ್ದೇವೆ. ಕಂಪೈಲ್ ಆಗುತ್ತದೆ, ತೆರೆಯೂ ಚೆನ್ನಾಗಿ ಬರುತ್ತದೆ. ಲೆಕ್ಕ ಮಾತ್ರ ಕೂಡುತ್ತಿಲ್ಲ.

ಒಬ್ಬರದ್ದು 6.5 ಲೀಟರು, ದರ 33.50 ರೂಪಾಯಿ. ಮೊತ್ತ 217.75. ಪೂರ್ಣ ರೂಪಾಯಿಗೆ ಹೊಂದಿಸುವುದು ನಮ್ಮಲ್ಲಿನ ಪದ್ಧತಿ. ಹಳೆಯದು 218 ಬರೆಯುತ್ತದೆ, ಹೊಸದು 217. ವ್ಯತ್ಯಾಸ ಬಂದ ಕಡೆಯೆಲ್ಲ ಹೊಸದರದ್ದೇ ಕಡಿಮೆ, ಒಂದೇ ಒಂದು ಕಡೆಯೂ ಹೆಚ್ಚಿಲ್ಲ. ಕೆಲವರಿಗೆ ಎಸ್‌ಎನ್‌ಎಫ್ ಕೂಡ ಇಳಿದು ದರವೇ ಕೆಳಗೆ ಬಂದಿದೆ. ಇನ್ನೊಂದು: ತಿಂಗಳ ಮೊದಲ ಪಟ್ಟಿ ಸರಾಗವಾಗಿ ಬರುತ್ತದೆ, ಎರಡನೆಯದು 31ನೇ ತಾರೀಖಿಗೆ ಬಂದು ನಿಂತುಬಿಡುತ್ತದೆ.

ಹಿಂಡಿ, ಬೂಸದ ಬಾಕಿ ತೀರಿಸಿ ಉಳಿದದ್ದರಲ್ಲಿ ಮನೆ ನಡೆಸುವವರ ದುಡ್ಡು ಇದು. ಸರಿಹೋಗುವ ತನಕ ಹೊಸದನ್ನು ಸಂಘದ ಗಣಕಕ್ಕೆ ಹಾಕುವುದಿಲ್ಲ. ಎಲ್ಲಿಂದ ಹುಡುಕಲಿ?

ಒಂಟಿಕೊಪ್ಪಲು, ಮೈಸೂರು

ನೀವು ವಿವರ ಕೊಟ್ಟಿರುವ ರೀತಿಯಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ವ್ಯತ್ಯಾಸ ಯಾವಾಗಲೂ ಕೆಳಮುಖವಾಗಿದೆ ಎಂದರೆ ಎಲ್ಲೋ ದಶಮಾಂಶ ಕತ್ತರಿಸಿ ಹೋಗುತ್ತಿದೆ.

ಹಳೆಯ ಕೋಡ್‌ನಲ್ಲಿ ಮೊತ್ತವನ್ನು ಪೂರ್ಣಾಂಕ ಮಾಡುವ ಕಡೆ ‘ಸಿಇಂಟ್’ ಇರುತ್ತದೆ, ನೋಡಿ. ವಿಬಿಯಲ್ಲಿ ಅದು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸುತ್ತದೆ: 217.75 ಎಂದರೆ 218. ನಿಮ್ಮ ಸಿ ಶಾರ್ಪ್‌ನಲ್ಲಿ ಅದೇ ಜಾಗಕ್ಕೆ ಆವರಣದೊಳಗೆ ‘ಇಂಟ್’ ಬಂದು ಕುಳಿತಿರಬೇಕು. ಅದು ಹೊಂದಿಸುವುದಿಲ್ಲ, ಬಿಂದುವಿನ ನಂತರದ್ದನ್ನು ಕಿತ್ತು ಹಾಕುತ್ತದೆ. ಮೊದಲು ‘ಮ್ಯಾತ್ ಡಾಟ್ ರೌಂಡ್’, ಆಮೇಲೆ ‘ಇಂಟ್’ ಎಂದು ಬರೆಯಿರಿ.

ಸರಿಯಾಗಿ ಐವತ್ತು ಪೈಸೆ ಬಂದಾಗ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ‘ಸಿಇಂಟ್’ 217.50ನ್ನು 218 ಮಾಡುತ್ತದೆ, ಆದರೆ 216.50ನ್ನು 216 ಮಾಡುತ್ತದೆ. ನಡುವಿನ ಅಂಕಿ ಬಂದರೆ ಅದು ಸಮಸಂಖ್ಯೆಯ ಕಡೆಗೆ ಹೋಗುತ್ತದೆ. ಸಿ ಶಾರ್ಪ್‌ನ ‘ರೌಂಡ್’ ಕೂಡ ನೀವು ಬೇರೆ ಹೇಳದಿದ್ದರೆ ಹೀಗೆಯೇ ನಡೆದುಕೊಳ್ಳುವುದರಿಂದ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗುತ್ತದೆ. ಐವತ್ತು ಪೈಸೆ ಯಾವಾಗಲೂ ಮೇಲಕ್ಕೇ ಹೋಗಬೇಕೆಂದು ಹೇಳುವ ಆಯ್ಕೆಯೂ ಇದೆ. ರೈತರ ಪರವಾಗಿ ನಿಮಗೆ ಅದು ಸರಿ ಎನಿಸಬಹುದು, ನನಗೂ ಎನಿಸುತ್ತದೆ. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಆಡಳಿತ ಮಂಡಳಿ. ಭಾಷೆ ಬದಲಿಸುವ ನೆಪದಲ್ಲಿ ಯಾರಿಗೂ ಹೇಳದೆ ನಿಯಮ ಬದಲಿಸಬಾರದು.

ಎಸ್‌ಎನ್‌ಎಫ್ ವಿಷಯಕ್ಕೆ ಬನ್ನಿ. ಸೂತ್ರದಲ್ಲಿ ಡಿಗ್ರಿಯನ್ನು ನಾಲ್ಕರಿಂದ ಭಾಗಿಸುವ ಹೆಜ್ಜೆಯೊಂದಿದೆ. ವಿಬಿಯಲ್ಲಿ / ಚಿಹ್ನೆ ಎರಡು ಪೂರ್ಣಾಂಕಗಳ ನಡುವೆ ಇದ್ದರೂ ದಶಮಾಂಶದ ಉತ್ತರವನ್ನೇ ಕೊಡುತ್ತದೆ, ಪೂರ್ಣಾಂಕ ಭಾಗಾಕಾರಕ್ಕೆ ಅಲ್ಲಿ \ ಎಂಬ ಬೇರೆ ಚಿಹ್ನೆಯೇ ಇದೆ. ಸಿ ಶಾರ್ಪ್‌ನಲ್ಲಿ ಎರಡೂ ಕಡೆ ಪೂರ್ಣಾಂಕವಿದ್ದರೆ / ಪೂರ್ಣಾಂಕವನ್ನಷ್ಟೇ ಉಳಿಸುತ್ತದೆ. 29ನ್ನು 4ರಿಂದ ಭಾಗಿಸಿದರೆ ಹಳೆಯದರಲ್ಲಿ 7.25, ಹೊಸದರಲ್ಲಿ 7. ಎಸ್‌ಎನ್‌ಎಫ್ ಅಲ್ಲಿಗೇ ಕಾಲು ಅಂಶ ಇಳಿಯಿತು. 28 ಡಿಗ್ರಿ ಬಂದವರ ಲೆಕ್ಕ ಸರಿಯಾಗಿದ್ದು 27, 29, 30 ಬಂದವರದ್ದು ಇಳಿದಿದೆಯೇ ನೋಡಿ. ಇಳಿದಿದ್ದರೆ ಕಾರಣ ಇದೇ. ನಾಲ್ಕನ್ನು ಡೆಸಿಮಲ್ ಆಗಿ ಬರೆಯಿರಿ, ಅಂದರೆ ಅಂಕಿಯ ಹಿಂದೆ ‘ಎಂ’ ಅಕ್ಷರ ಹಚ್ಚಿ. ಹಣದ ಲೆಕ್ಕವಾದ್ದರಿಂದ ದರ, ಮೊತ್ತಗಳೂ ದಶಮಾಂಶವನ್ನು ಅಂದಾಜಾಗಿ ಇಡುವ ಡಬಲ್ ಆಗಿರದೆ, ನಿಖರವಾಗಿ ಇಡುವ ಡೆಸಿಮಲ್ ಆಗಿರಲಿ.

31ನೇ ತಾರೀಖಿನದು ಸುಲಭ. ವಿಬಿಯಲ್ಲಿ ಅರೇ (ಬೆಲೆಗಳನ್ನು ಸಾಲಾಗಿ ಇಡುವ ಮನೆಗಳ ಪಟ್ಟಿ) ಘೋಷಿಸುವಾಗ ಆವರಣದೊಳಗೆ 15 ಎಂದು ಬರೆದರೆ ಅದು ಕೊನೆಯ ಸ್ಥಾನದ ಸಂಖ್ಯೆ. ಸೊನ್ನೆಯಿಂದ ಹದಿನೈದರವರೆಗೆ ಒಟ್ಟು 16 ಮನೆಗಳು. 16ರಿಂದ 31ರವರೆಗೆ ಹದಿನಾರು ದಿನ, ಬರೆದವರು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಸಿ ಶಾರ್ಪ್‌ನಲ್ಲಿ 15 ಎಂದರೆ ಹದಿನೈದೇ ಮನೆ. ಕೊನೆಯ ದಿನಕ್ಕೆ ಜಾಗವಿಲ್ಲ.

ಪರಿವರ್ತಕದ ಬಗ್ಗೆ ಒಂದು ಮಾತು. ಐಸಿ ಶಾರ್ಪ್‌ಕೋಡ್ ಅವರ ಮುಕ್ತ ಆಕರದ ಕೋಡ್ ಕನ್ವರ್ಟರ್ ಮೈಕ್ರೋಸಾಫ್ಟ್‌ನ ರೋಸ್ಲಿನ್ ಕಂಪೈಲರ್ ಮೇಲೆ ನಿಂತಿದೆ, ವಿಷುಯಲ್ ಸ್ಟುಡಿಯೋಗೆ ಸೇರಿಸಿಕೊಳ್ಳಬಹುದು. ಅದು ಸಾಲಿನ ರೂಪವನ್ನಷ್ಟೇ ಅಲ್ಲ, ಚರಾಕ್ಷರಗಳ (ಬೆಲೆ ಇಡುವ ಹೆಸರುಗಳ) ಬಗೆಯನ್ನೂ ನೋಡುತ್ತದೆ. ಹಾಗಾಗಿ ಭಾಗಾಕಾರಕ್ಕೂ ‘ಸಿಇಂಟ್’ಗೂ ಬೇಕಾದ ಹೆಚ್ಚಿನ ಪದಗಳನ್ನು ತಾನೇ ಸೇರಿಸುತ್ತದೆ. ಕೋಡ್ ನೋಡಲು ಅಂದವಾಗಿರುವುದಿಲ್ಲ. ಆದರೂ ಅಂದದ ತಪ್ಪಿಗಿಂತ ಅದೇ ನನಗೆ ಮೇಲು.

ಕೊನೆಯದಾಗಿ, ಹಿಂದಿನ ಒಂದು ಇಡೀ ಬಟವಾಡೆಯ ನಮೂದುಗಳನ್ನು ಎರಡಕ್ಕೂ ಕೊಟ್ಟು, ಸಾಲು ಸಾಲಾಗಿ ಹೋಲಿಸಿ. ಒಟ್ಟು ಮೊತ್ತ ಕೂಡಿದರೆ ಸಾಲದು, ಪ್ರತಿ ಸದಸ್ಯರ ಪ್ರತಿ ಹೊತ್ತಿನದು ಕೂಡಬೇಕು. ಈ ಹಂತದಲ್ಲಿ ಹಳೆಯದು ಕೊಟ್ಟ ಉತ್ತರವೇ ಪ್ರಮಾಣ.

ಸಕ್ಕರೆನಾಡು, ಮಂಡ್ಯ

ಕೊನೆಯ ಮಾತನ್ನು ಒಪ್ಪುವುದು ನನಗೆ ಕಷ್ಟ. ಈ ಬಗೆಯ ಹಳೆಯ ತಂತ್ರಾಂಶಗಳಲ್ಲಿ ಹಾಲು ಪರೀಕ್ಷಾ ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಓದುವ ಕಡೆ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬ ಸಾಲು ಇರುವುದುಂಟು. ದೋಷ ಬಂದರೂ ಗಮನಿಸದೆ ಮುಂದಿನ ಸಾಲಿಗೆ ಹೋಗು ಎಂದು ಅದರ ಅರ್ಥ. ಕೇಬಲ್ ಸಡಿಲವಾಗಿ ಓದು ವಿಫಲವಾಯಿತು ಎನ್ನಿ. ಫ್ಯಾಟಿನ ಚರಾಕ್ಷರಕ್ಕೆ ಹೊಸ ಬೆಲೆ ಬರುವುದಿಲ್ಲ. ಅದು ಫಾರ್ಮ್ ಮಟ್ಟದಲ್ಲಿ, ಅಂದರೆ ಇಡೀ ತೆರೆಗೆ ಒಂದೇ ಆಗಿ, ಘೋಷಿತವಾಗಿದ್ದರೆ ಹಿಂದಿನ ಸದಸ್ಯರ 4.2 ಅಲ್ಲೇ ಉಳಿದು, ಸರದಿಯಲ್ಲಿ ಮುಂದೆ ನಿಂತವರ ಹೆಸರಿಗೆ ಬರೆದುಹೋಗುತ್ತದೆ. ಇದು ಹಳೆಯದು ಕೊಟ್ಟ ಉತ್ತರ. ಇದನ್ನು ಪ್ರಮಾಣ ಎನ್ನಲಾಗುವುದೇ?

ಸಿ ಶಾರ್ಪ್‌ನಲ್ಲಿ ಆ ಸಾಲಿಗೆ ಸಮನಾದದ್ದೇ ಇಲ್ಲ, ಅದೊಂದು ಪುಣ್ಯ. ‘ಟ್ರೈ ಕ್ಯಾಚ್’ ಹಾಕಿ, ದೋಷ ಬಂದರೆ ಖಾನೆಯನ್ನು ಖಾಲಿ ಬಿಟ್ಟು, ಮತ್ತೆ ಅಳೆಯಿರಿ ಎಂದು ತೆರೆಯ ಮೇಲೆ ಹೇಳಿಸಿ.

ಇನ್ನೊಂದು ಸಣ್ಣದು: ವಿಬಿಯಲ್ಲಿ ‘ನಥಿಂಗ್’ ಆಗಿರುವ ಪದವನ್ನು ಖಾಲಿ ಪದದೊಂದಿಗೆ ಹೋಲಿಸಿದರೆ ಎರಡೂ ಸಮ. ಸಿ ಶಾರ್ಪ್‌ನಲ್ಲಿ ‘ನಲ್’ ಬೇರೆ, ಖಾಲಿ ಪದ ಬೇರೆ. ಅಂಥ ಹೋಲಿಕೆ ಇರುವ ಕಡೆಯೆಲ್ಲ ‘ಈಸ್ ನಲ್ ಆರ್ ಎಂಪ್ಟಿ’ ಬಳಸಿ.

ಒಂಟಿಕೊಪ್ಪಲು, ಮೈಸೂರು

ನೀವು ಹೇಳಿದ ಅಪಾಯ ನಿಜ, ತಿದ್ದಲೇಬೇಕು. ನನ್ನ ಹಟ ಅನುಕ್ರಮದ್ದು. ಮೊದಲು ಎರಡರ ಲೆಕ್ಕ ಪೈಸೆಗೆ ಪೈಸೆ ಕೂಡಲಿ. ಆಮೇಲೆ ಯಂತ್ರದ ಓದನ್ನು ಪ್ರತ್ಯೇಕ ಬದಲಾವಣೆಯಾಗಿ ಮಾಡಿ, ದಿನಾಂಕ ಬರೆದಿಡಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ನಾಳೆ ಒಂದು ರೂಪಾಯಿ ವ್ಯತ್ಯಾಸ ಬಂದಾಗ, ಅದು ಭಾಷೆ ಬದಲಿಸಿದ್ದರಿಂದ ಬಂದದ್ದೋ ತಿದ್ದುಪಡಿಯಿಂದ ಬಂದದ್ದೋ ಹೇಳಲಾಗುವುದಿಲ್ಲ. ಆ ಪ್ರಶ್ನೆಯನ್ನು ಸಂಘದ ಬಾಗಿಲಲ್ಲಿ ಕ್ಯಾನು ಹಿಡಿದು ನಿಂತವರು ಕೇಳುತ್ತಾರೆ.

ಹೆಬ್ಬಾಳ, ಮೈಸೂರು

ಎಲ್ಲವನ್ನೂ ಬದಲಿಸುವ ಅಗತ್ಯವಿದೆಯೇ? ಎರಡು ಭಾಷೆಗಳೂ ಒಂದೇ ಮಧ್ಯಂತರ ಭಾಷೆಗೆ ಕಂಪೈಲ್ ಆಗುತ್ತವೆ. ದರ, ಎಸ್‌ಎನ್‌ಎಫ್ ಲೆಕ್ಕವನ್ನು ವಿಬಿಯ ಲೈಬ್ರರಿಯಾಗಿ ಹಾಗೆಯೇ ಇಟ್ಟು, ತೆರೆಗಳನ್ನು ಮಾತ್ರ ಸಿ ಶಾರ್ಪ್‌ನಲ್ಲಿ ಬರೆದು ಅದನ್ನು ಕರೆಯಬಹುದು. ವಿಬಿಯನ್ನು ಭಾಷೆಯಾಗಿ ಮುಂದೆ ಬೆಳೆಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2020ರ ಮಾರ್ಚ್‌ನಲ್ಲಿ ಹೇಳಿತು, ಬೆಂಬಲ ನಿಲ್ಲಿಸುತ್ತೇವೆ ಎನ್ನಲಿಲ್ಲ. ಅವಸರ ಬೇಡ.

ನಾಲೆಬಯಲು, ಮಂಡ್ಯ

28 ಡಿಗ್ರಿಯ ಪರೀಕ್ಷೆ ಕರಾರುವಾಕ್ಕಾಗಿ ಹೊಂದಿತು. 28, 32 ಬಂದವರ ಎಸ್‌ಎನ್‌ಎಫ್ ಎರಡರಲ್ಲೂ ಒಂದೇ, ಉಳಿದವರದ್ದೆಲ್ಲ ಇಳಿದಿತ್ತು. ಭಾಗಾಕಾರ, ಹೊಂದಿಸುವ ಸಾಲು, ಅರೇ ಮೂರನ್ನೂ ತಿದ್ದಿದ ಮೇಲೆ ಕಳೆದ ಬಟವಾಡೆಯ ಎಲ್ಲ ಸಾಲುಗಳೂ ಕೂಡಿದವು, ಐವತ್ತು ಪೈಸೆಯವೂ ಸೇರಿ. ‘ರೆಸ್ಯೂಮ್ ನೆಕ್ಸ್ಟ್’ ಸಾಲು ಯಂತ್ರ ಓದುವ ಕಡೆಯೇ ಇದೆ, ಫ್ಯಾಟಿನ ಚರಾಕ್ಷರವೂ ಫಾರ್ಮ್ ಮಟ್ಟದ್ದೇ. ಕಾರ್ಯದರ್ಶಿಯವರಿಗೆ ತೋರಿಸಿದೆ. ಆಡಳಿತ ಮಂಡಳಿಯ ಮುಂದಿನ ಸಭೆಗೆ ಎರಡು ವಿಷಯ ಇಡುತ್ತಾರೆ: ಯಂತ್ರದ ಓದು ಮತ್ತು ಐವತ್ತು ಪೈಸೆಯ ನಿಯಮ.

ಲೆಕ್ಕವನ್ನು ವಿಬಿಯಲ್ಲೇ ಬಿಡುವ ಸಲಹೆ ಚೆನ್ನಾಗಿದೆ. ಆದರೆ ತಂಗಿ ಒಂದೊಂದು ಸಾಲನ್ನೂ ತಾನೇ ಓದಿ ಅರ್ಥಮಾಡಿಕೊಳ್ಳಬೇಕು ಎನ್ನುತ್ತಿದ್ದಾಳೆ, ನನಗೂ ಅದೇ ಸರಿ ಎನಿಸುತ್ತದೆ. ಮುಂದಿನ ಬಟವಾಡೆಯನ್ನು ಎರಡರಲ್ಲೂ ತೆಗೆಯುತ್ತೇವೆ. ಹಣ ಹಳೆಯ ಪಟ್ಟಿಯ ಪ್ರಕಾರವೇ ಹೋಗುತ್ತದೆ.