ಹಳೆಯ ಡೆಸ್ಕ್‌ಟಾಪ್ ಕೊಂಡಿದ್ದೇವೆ, ಮೊದಲು ಏನು ಮಾಡಬೇಕು?

ವಿದ್ಯಾನಗರ, ದಾವಣಗೆರೆ: ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಡೆಸ್ಕ್‌ಟಾಪನ್ನು ಪಿಯುಸಿ ಓದುವ ಮಗಳಿಗಾಗಿ ಕೊಂಡಿದ್ದೇವೆ. ಆರನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಂಗಡಿಯವರ ಬಿಲ್ಲುಗಳು, ಮನೆಯ ಫೋಟೊಗಳು ಎಲ್ಲ ಹಾಗೆಯೇ ಇವೆ. ಪೂರ್ತಿ ಅಳಿಸಿ ಹೊಸದಾಗಿ ಸಿದ್ಧ ಮಾಡಿಕೊಳ್ಳುವುದು ಹೇಗೆ? ಮಾಡಿ ಗೊತ್ತಿರುವವರು ತಿಳಿಸಿ.

ಚಿತ್ರದುರ್ಗ, ಲೆಕ್ಕ ಬರೆಯುವ ಕೆಲಸ: ಅಕ್ಕ, ಅಳಿಸುವುದಕ್ಕೆ ಮೊದಲು ಮಾರಿದವರಿಗೆ ಒಂದು ಫೋನ್ ಮಾಡಿ. ಟ್ಯಾಲಿಯ (ಲೆಕ್ಕ ಬರೆಯುವ ತಂತ್ರಾಂಶ) ಬ್ಯಾಕಪ್ ತೆಗೆದುಕೊಂಡಿದ್ದಾರೆಯೇ, ಅದರ ಲೈಸೆನ್ಸನ್ನು ಈ ಯಂತ್ರದಿಂದ ಸರೆಂಡರ್ ಮಾಡಿದ್ದಾರೆಯೇ, ಅಂದರೆ ಬಿಡಿಸಿಕೊಂಡಿದ್ದಾರೆಯೇ ಎಂದು ಕೇಳಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳ ತನಕ ಅವರು ಲೆಕ್ಕಪತ್ರ ಕಾಯ್ದಿಡಬೇಕು. ನಿಮಗೆ ಬೇಡದ ಕಡತ ಅವರಿಗೆ ನಾಳೆ ನೋಟಿಸಿಗೆ ಉತ್ತರ ಕೊಡಲು ಬೇಕಾಗಬಹುದು. ಬಯೋಸ್‌ಗೆ (ಯಂತ್ರ ಹಚ್ಚಿದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ಈಗಲೇ ತೆಗೆಸಿಕೊಳ್ಳಿ.

ಪಿ.ಜೆ. ಬಡಾವಣೆ, ಕಂಪ್ಯೂಟರ್ ರಿಪೇರಿ: ಬರೀ ಫಾರ್ಮ್ಯಾಟ್ ಮಾಡಿ ಕೈತೊಳೆದುಕೊಳ್ಳಬೇಡಿ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಪುಸ್ತಕದ ಪರಿವಿಡಿ ಹರಿದಂತಾಗುತ್ತದೆ, ಪುಟಗಳು ಅಲ್ಲೇ ಉಳಿಯುತ್ತವೆ. ಉಚಿತವಾಗಿ ಸಿಗುವ ರಿಕವರಿ ತಂತ್ರಾಂಶಗಳಿಂದಲೇ ಅವನ್ನು ಮೇಲೆತ್ತಬಹುದು. ಬೇರೊಬ್ಬರ ಮನೆಯ ಫೋಟೊಗಳು ಅವು, ದಯವಿಟ್ಟು ಸರಿಯಾಗಿ ಅಳಿಸಿ.

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡು ಅದರಿಂದಲೇ ಬೂಟ್ ಮಾಡಿ, ಅಂದರೆ ಯಂತ್ರ ಶುರು ಮಾಡಿ. ಮೊದಲ ಪರದೆ ಬಂದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ (diskpart), ನಂತರ ಲಿಸ್ಟ್ ಡಿಸ್ಕ್ (list disk) ಎಂಬ ಆಜ್ಞೆ ಕೊಡಿ. 500 ಜಿಬಿಯದು ಯಾವುದೆಂದು ಗಾತ್ರ ನೋಡಿಯೇ ಆರಿಸಿ (select disk ಮತ್ತು ಅದರ ಸಂಖ್ಯೆ), ಆಮೇಲೆ ಕ್ಲೀನ್ ಆಲ್ (clean all). ‘ಆಲ್’ ಬಿಟ್ಟರೆ ವಿಭಾಗಗಳ ಪಟ್ಟಿ ಮಾತ್ರ ಹೋಗುತ್ತದೆ. ಸೇರಿಸಿದರೆ ಡಿಸ್ಕಿನ ಮೂಲೆಮೂಲೆಗೂ ಸೊನ್ನೆ ಬರೆಯುತ್ತದೆ, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಬೇರೆ ಯಾವ ಡಿಸ್ಕೂ ಜೋಡಿಸಿರಬಾರದು, ತಪ್ಪು ಸಂಖ್ಯೆ ಆರಿಸಿದರೆ ಅದರಲ್ಲಿದ್ದದ್ದು ಮರಳಿ ಸಿಗುವುದಿಲ್ಲ. ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ವೇಗದ ಡಿಸ್ಕ್) ಮಾತ್ರ ಈ ದಾರಿ ಬೇಡ. ಅದಕ್ಕೆ ತಯಾರಕರದೇ ಸೆಕ್ಯೂರ್ ಇರೇಸ್ ಸೌಲಭ್ಯ ಇರುತ್ತದೆ.

ಇನ್ನೊಂದು ಮಾತು: ಕೈಯಲ್ಲಿ ಸ್ವಲ್ಪ ಹಣವಿದ್ದರೆ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ. ಇಂಥ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಹಳೇ ದಾವಣಗೆರೆ: ಮುಚ್ಚಳ ಬಿಚ್ಚಿ ದೂಳು ತೆಗೆಸಿದಿರಾ? ಮಂಡಕ್ಕಿ ಭಟ್ಟಿಗಳ ಹತ್ತಿರವಿರುವ ನಮ್ಮ ಮನೆಯ ಯಂತ್ರದ ಫ್ಯಾನಿಗೆ ಮಸಿ ಅಂಟಿಕೊಂಡು ಗಟ್ಟಿಯಾಗಿತ್ತು. ಬಯೋಸ್‌ನ ನಾಣ್ಯದಾಕಾರದ ಬ್ಯಾಟರಿಯನ್ನೂ ಬದಲಿಸಿ, ಸಾಮಾನ್ಯವಾಗಿ ಸಿಆರ್2032 ಇರುತ್ತದೆ. ಅದು ಸತ್ತರೆ ದಿನಾಂಕ ಹಿಂದಕ್ಕೆ ಹೋಗಿ ಬ್ರೌಸರ್ ಜಾಲತಾಣಗಳನ್ನು ತೆರೆಯಲು ತಕರಾರು ಮಾಡುತ್ತದೆ.

ಹೊಳಲ್ಕೆರೆ, ಶಿಕ್ಷಕ: ಆರನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಇಂಟೆಲ್‌ನಲ್ಲಿ ಎಂಟನೆಯದರಿಂದ ಮೇಲಿನವಕ್ಕೆ ಅವಕಾಶ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಎಂದು ಒತ್ತಾಯಿಸಿಯೇ ಹೇಳುತ್ತೇನೆ. 4 ಜಿಬಿ ರ್‍ಯಾಮ್ ಇದ್ದರೂ ಓಡುತ್ತದೆ, ದುಡ್ಡು ಕೊಡಬೇಕಿಲ್ಲ, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಮೊದಲೇ ಇರುತ್ತದೆ. ನಮ್ಮ ಶಾಲೆಯ ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ.

ವಿದ್ಯಾನಗರ, ದಾವಣಗೆರೆ: ಎಲ್ಲರಿಗೂ ಧನ್ಯವಾದ. ಅಂಗಡಿಯವರಿಗೆ ಫೋನ್ ಮಾಡಿದೆ. ಬ್ಯಾಕಪ್ ಇರಲಿಲ್ಲವಂತೆ, ಸಂಜೆ ಬಂದು ತೆಗೆದುಕೊಳ್ಳುತ್ತಾರೆ. ಸರ್, ಲಿನಕ್ಸ್‌ನಲ್ಲಿ ಮಗಳು ‘ನುಡಿ’ ಕನ್ನಡ ತಂತ್ರಾಂಶದ ಕೀಲಿಮಣೆಯಂತೆಯೇ ಕನ್ನಡ ಟೈಪ್ ಮಾಡಬಹುದೇ?

ಹೊಳಲ್ಕೆರೆ, ಶಿಕ್ಷಕ: ಮಾಡಬಹುದು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕಗಪ’ ವಿನ್ಯಾಸ ಆರಿಸಿಕೊಳ್ಳಲಿ, ಯೂನಿಕೋಡ್‌ನಲ್ಲಿಯೇ ಮೂಡುತ್ತದೆ.