ಅಕ್ಯೂಟ್ ಲುಕೇಮಿಯಾ: ಮೊದಲ ರಿಪೋರ್ಟ್ ನೋಡಿ ಉಳೀತಾರಾ ಇಲ್ವಾ ಹೇಳಬಹುದಾ?

ಪ್ರಶ್ನೆ (ರಾಜಾಜಿನಗರದಿಂದ):
ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮಣ್ಣನಿಗೆ 41 ವರ್ಷ. ಹದಿನೈದು ದಿನದಿಂದ ಸುಸ್ತು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಡೆಂಗ್ಯೂ ಇರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಅಕ್ಯೂಟ್ ಲುಕೇಮಿಯಾ (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಅಂದರು. ನಿನ್ನೆ ಸಂಜೆ ಅಡ್ಮಿಟ್ ಮಾಡಿದ್ದೇವೆ. ಹಿಮೋಗ್ಲೋಬಿನ್ 7.2, ಬಿಳಿ ರಕ್ತಕಣ 1,18,000, ಪ್ಲೇಟ್‌ಲೆಟ್ 14,000, ಎಲ್‌ಡಿಎಚ್ 1,640, ಯೂರಿಕ್ ಆಸಿಡ್ 9.8, ಕ್ರಿಯಾಟಿನಿನ್ 1.6, ಪೊಟ್ಯಾಸಿಯಂ 5.9. ಎಲ್‌ಡಿಎಚ್ ಇಷ್ಟಿದ್ದರೆ ಮೊದಲ ತಿಂಗಳು ದಾಟೋದೇ ಕಷ್ಟ ಅಂತ ನೆಟ್‌ನಲ್ಲಿ ಓದಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಅತ್ತಿಗೆಗೆ ಇನ್ನೂ ಪೂರ್ತಿ ಹೇಳಿಲ್ಲ. ಈ ನಂಬರ್ ನೋಡಿ ಅಣ್ಣ ಉಳೀತಾನಾ ಇಲ್ವಾ ಅಂತ ಹೇಳಬಹುದಾ?

ಉತ್ತರ:
ಇಲ್ಲಮ್ಮ, ಹೇಳಲು ಆಗುವುದಿಲ್ಲ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಇವತ್ತು ವಾರ್ಡಿನಲ್ಲಿ ಯಾವ ಕೆಲಸ ಮೊದಲು ಆಗಬೇಕು ಅನ್ನುವುದನ್ನು ಈ ಅಂಕಿಗಳು ಹೇಳುತ್ತವೆ. ಕಾಯಿಲೆ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಮೂಳೆಮಜ್ಜೆಯ ಫ್ಲೋ ಸೈಟೋಮೆಟ್ರಿ (ಕಣಗಳ ಬಗೆ ಗುರುತಿಸುವ ಪರೀಕ್ಷೆ), ಕ್ರೋಮೋಸೋಮ್, ಜೀನ್ ಪರೀಕ್ಷೆಗಳು ಬರಬೇಕು. ಅದಕ್ಕೆ ಕೆಲವು ದಿನ, ಕೆಲವಕ್ಕೆ ವಾರಗಳೇ ಬೇಕು.

ಎಲ್‌ಡಿಎಚ್ ಅನ್ನುವುದು ಜೀವಕೋಶ ಒಡೆದಾಗ ರಕ್ತಕ್ಕೆ ಬರುವ ಒಂದು ಕಿಣ್ವ. ಕಾಯಿಲೆಯ ಕಣಗಳು ಜಾಸ್ತಿ ಇದ್ದು, ಬೇಗ ಬೇಗ ಹುಟ್ಟಿ ಸಾಯುತ್ತಿದ್ದರೆ ಅದು ಏರುತ್ತದೆ. ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ, ಎಲ್‌ಡಿಎಚ್ ಜಾಸ್ತಿ ಇದ್ದವರ ಗುಂಪಿನಲ್ಲಿ ಮೊದಲ ವಾರಗಳ ತೊಂದರೆ ಜಾಸ್ತಿ, ನಿಜ. ಆದರೆ ಅದು ಗುಂಪಿನ ಲೆಕ್ಕ, ನಿಮ್ಮಣ್ಣನ ಲೆಕ್ಕ ಅಲ್ಲ. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೂ ಎಲ್‌ಡಿಎಚ್ ಏರುತ್ತದೆ. ಅದೊಂದನ್ನೇ ಹಿಡಿದು ರಾತ್ರಿ ಕೂರಬೇಡಿ.

ನಾನಾಗಿದ್ದರೆ ಮೊದಲು ನೋಡುತ್ತಿದ್ದದ್ದು ಯೂರಿಕ್ ಆಸಿಡ್, ಕ್ರಿಯಾಟಿನಿನ್, ಪೊಟ್ಯಾಸಿಯಂ. ಒಡೆದ ಕಣಗಳ ಒಳಗಿದ್ದದ್ದೆಲ್ಲ ರಕ್ತಕ್ಕೆ ಸುರಿದು ಕಿಡ್ನಿಗೆ ಹೊರೆಯಾಗುತ್ತಿದೆ. ಇದಕ್ಕೆ ಟ್ಯೂಮರ್ ಲೈಸಿಸ್ ಅನ್ನುತ್ತಾರೆ. ಕೀಮೋ ಶುರುವಾದಾಗ ಇನ್ನೂ ಜೋರಾಗಬಹುದು. ಆದರೆ ಇದಕ್ಕೆ ಔಷಧ ಇದೆ. ಡ್ರಿಪ್ ಧಾರಾಳವಾಗಿ ಹೋಗಬೇಕು. ಅಲೋಪ್ಯುರಿನಾಲ್ ಮಾತ್ರೆ ಹೊಸ ಯೂರಿಕ್ ಆಸಿಡ್ ಹುಟ್ಟುವುದನ್ನು ತಡೆಯುತ್ತದೆ. ರಾಸ್ಬ್ಯುರಿಕೇಸ್ ಇಂಜೆಕ್ಷನ್ ಆಗಲೇ ಇರುವುದನ್ನು ಕರಗಿಸುತ್ತದೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ಆ ಇಂಜೆಕ್ಷನ್ ಕೊಡಬಾರದು, ಹಾಗಾಗಿ ಆ ಬಗ್ಗೆ ಡಾಕ್ಟರನ್ನು ಒಮ್ಮೆ ಕೇಳಿ.

ಪೊಟ್ಯಾಸಿಯಂ 5.9 ನಿಜವೋ ಸುಳ್ಳೋ ಅಂತಲೂ ನೋಡಬೇಕು. ಬಿಳಿ ರಕ್ತಕಣ ಲಕ್ಷ ದಾಟಿದಾಗ, ಟ್ಯೂಬಿನಲ್ಲೇ ಕಣಗಳು ಒಡೆದು ಪೊಟ್ಯಾಸಿಯಂ ಸುಮ್ನೆ ಜಾಸ್ತಿ ತೋರಿಸುವುದುಂಟು. ಇಸಿಜಿ ಮಾಡಿ, ಸ್ಯಾಂಪಲ್ ಕುಲುಕದೆ ಕೈಯಲ್ಲೇ ಲ್ಯಾಬಿಗೆ ಒಯ್ದು ಇನ್ನೊಮ್ಮೆ ನೋಡುತ್ತಾರೆ.

ಬಿಳಿಕಣ ಲಕ್ಷದ ಮೇಲೆ ಅಂದರೆ ರಕ್ತ ಮಂದವಾಗಿ ಶ್ವಾಸಕೋಶ, ಮೆದುಳಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳಬಹುದು. ಉಸಿರಾಟ ಹೆಚ್ಚಾದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ, ಮಂಪರು ಬಂದರೆ ರೌಂಡ್ಸ್‌ವರೆಗೆ ಕಾಯದೆ ತಕ್ಷಣ ಸಿಸ್ಟರನ್ನು ಕರೆಯಿರಿ. ಹಿಮೋಗ್ಲೋಬಿನ್ 7.2 ಇದ್ದರೂ ಯಾಕೆ ರಕ್ತ ಏರಿಸಿಲ್ಲ ಅಂತ ನಿಮಗೆ ಅನ್ನಿಸಬಹುದು. ಬಿಳಿಕಣ ಇಳಿಯುವ ಮೊದಲೇ ಕೆಂಪುಕಣ ಏರಿಸಿದರೆ ರಕ್ತ ಇನ್ನೂ ಮಂದವಾಗುತ್ತದೆ. ಅದಕ್ಕೇ ತಡೆಯುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಒಂದು ಪರೀಕ್ಷೆ ಕಾಣಿಸಲಿಲ್ಲ: ಫೈಬ್ರಿನೋಜೆನ್. ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ, ಡಿ-ಡೈಮರ್ ಪರೀಕ್ಷೆಗಳ ಜೊತೆ ಅದೂ ಆಗಿದೆಯಾ ಕೇಳಿ. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್ ಒಂದೇ ಸಾಲದು, ಫೈಬ್ರಿನೋಜೆನ್ ಅನ್ನುವ ಪ್ರೋಟೀನ್ ಕೂಡ ಬೇಕು. ಹಿಂದೊಮ್ಮೆ ರೋಗಿಯ ಹೆಂಡತಿಯೊಬ್ಬರು ಒಂದು ಹತ್ತಿಯ ಉಂಡೆ ತಂದು ತೋರಿಸಿದರು. ರಕ್ತ ತೆಗೆದ ಜಾಗಕ್ಕೆ ಒತ್ತಿದ್ದ ಹತ್ತಿ. ಅರ್ಧ ಗಂಟೆ ಕಳೆದಿದ್ದರೂ ಒದ್ದೆ, ಅಂಚಿನಲ್ಲಿ ತಾಜಾ ಕೆಂಪು. ಪ್ಲೇಟ್‌ಲೆಟ್ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಫೈಬ್ರಿನೋಜೆನ್ ಕಳಿಸಿದಾಗ 70 ಬಂತು. ಸಾಮಾನ್ಯವಾಗಿ 200ರಿಂದ 400 ಇರಬೇಕು. ಅವತ್ತೇ ಕ್ರಯೋ (ಫೈಬ್ರಿನೋಜೆನ್ ಹೆಚ್ಚಿರುವ ರಕ್ತದ ಅಂಶ) ಕೊಟ್ಟೆವು. ಆ ಹತ್ತಿ ತಂದು ತೋರಿಸಿದ ಕೈಯನ್ನು ನಾನು ಮರೆತಿಲ್ಲ. ನಿಮ್ಮ ಅತ್ತಿಗೆಗೆ ಇವತ್ತೇ ಹೇಳಿ. ಹಾಸಿಗೆ ಪಕ್ಕ ಕೂರುವವರು ಅವರೇ ಅಲ್ವಾ? ಮೂತ್ರ ಎಷ್ಟು ಎಂಎಲ್ ಆಯಿತು ಅಂತ ಗಂಟೆ ಸಮೇತ ಬರೆದಿಡುವುದು, ಸೂಜಿ ಚುಚ್ಚಿದ ಜಾಗ ನೋಡುವುದು, ಹೊಸ ಕಲೆ ಗಮನಿಸುವುದು ಅವರ ಕೈಲಿ ಚೆನ್ನಾಗಿ ಆಗುವ ಕೆಲಸ.

ಪ್ರಶ್ನೆ (ವಿಜಯನಗರದಿಂದ):
ಮೇಡಂ, ನಮ್ಮ ಸೊಸೆಗೆ ಎಪಿಎಲ್ (ಅಕ್ಯೂಟ್ ಲುಕೇಮಿಯಾದ ಒಂದು ಬಗೆ) ಅಂತ ಅನುಮಾನ. ಬಿಳಿಕಣ 1,900 ಅಷ್ಟೇ. ಜೀನ್ ರಿಪೋರ್ಟ್ ಬರುವ ಮೊದಲೇ ಕ್ಯಾಪ್ಸೂಲ್ ಶುರು ಮಾಡಿದ್ದಾರೆ. ಇಷ್ಟು ಅವಸರ ಯಾಕೆ?

ಉತ್ತರ:
ಅವರು ಸರಿಯಾಗಿಯೇ ಮಾಡಿದ್ದಾರೆ ಸರ್. ಎಪಿಎಲ್ ಇರಬಹುದು ಅನ್ನಿಸಿದ ಕೂಡಲೇ ಆಟ್ರಾ (ವಿಟಮಿನ್ ಎ ಜಾತಿಯ ಔಷಧ) ಕ್ಯಾಪ್ಸೂಲ್ ಕೊಡಬೇಕು, ಖಚಿತವಾಗುವವರೆಗೆ ಕಾಯಬಾರದು. ಈ ಕಾಯಿಲೆಯಲ್ಲಿ ಕೌಂಟ್ ಕಡಿಮೆ ಇದ್ದರೂ ರಕ್ತಸ್ರಾವದ ಅಪಾಯ ಇರುತ್ತದೆ. ಮೊದಲ ದಿನಗಳ ಸಾವಿಗೆ ದೊಡ್ಡ ಕಾರಣ ಅದೇ, ಅದರಲ್ಲೂ ಮೆದುಳಿನಲ್ಲಿ. ಅದಕ್ಕೇ ಫೈಬ್ರಿನೋಜೆನ್ 150ಕ್ಕಿಂತ ಮೇಲೆ, ಪ್ಲೇಟ್‌ಲೆಟ್ 30,000ದಿಂದ 50,000ಕ್ಕಿಂತ ಮೇಲೆ ಇಡಲು ದಿನಕ್ಕೆ ಎರಡು ಮೂರು ಸಲ ರಕ್ತ ತೆಗೆಯುತ್ತಾರೆ. ಸೊಸೆಗೆ ಕೈ ನೋಯುತ್ತದೆ, ಗೊತ್ತು. ಆದರೂ ಬೇಡ ಅನ್ನಬೇಡಿ.

1985ರಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಅನ್ನುವ ವೈದ್ಯರು ಐದು ವರ್ಷದ ಹುಡುಗಿಗೆ ಇದೇ ಔಷಧ ಕೊಟ್ಟು ಉಳಿಸಿಕೊಂಡರು. ಈಗ ಅದರ ಜೊತೆ ಆರ್ಸೆನಿಕ್ ಔಷಧವನ್ನೂ ಕೊಡುತ್ತಾರೆ. ಬಿಳಿಕಣ 10,000 ಅಥವಾ ಅದಕ್ಕಿಂತ ಕಡಿಮೆ ಇರುವವರು ಈ ಮೊದಲ ತಿಂಗಳು ದಾಟಿದರೆ ಹತ್ತರಲ್ಲಿ ಒಂಬತ್ತು ಮಂದಿಗಿಂತ ಹೆಚ್ಚು ಗುಣವಾಗುತ್ತಾರೆ. ನಿಮ್ಮ ಸೊಸೆ ಆ ಗುಂಪಿನಲ್ಲಿದ್ದಾಳೆ. ಜೋರು ತಲೆನೋವು ಬಂದರೆ, ದಿಢೀರನೆ ತೂಕ ಏರಿ ಉಸಿರು ಕಟ್ಟಿದರೆ ತಕ್ಷಣ ಹೇಳಿ. ಎರಡನೆಯದು ಆಟ್ರಾದಿಂದಲೇ ಬರುವ ತೊಂದರೆ, ಬೇಗ ಸ್ಟೀರಾಯ್ಡ್ ಕೊಟ್ಟರೆ ಇಳಿಯುತ್ತದೆ.

ಪ್ರಶ್ನೆ (ಕೆಂಗೇರಿಯಿಂದ):
ನಮ್ಮ ಮನೆಯವರಿಗೆ ಎಎಮ್‌ಎಲ್ (ಅಕ್ಯೂಟ್ ಲುಕೇಮಿಯಾದ ಇನ್ನೊಂದು ಹೆಸರಿನ ಗುಂಪು, ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ). ಮೊದಲ ಕೀಮೋ ಆಗಿ ಮನೆಗೆ ಬಂದಿದ್ದಾರೆ. ಸಂಜೆ 100.8 ಜ್ವರ. ಡೋಲೊ ಕೊಟ್ಟು ಬೆಳಗ್ಗೆ ಹೋದರೆ ಆಗುತ್ತಾ? ಪ್ಲೇಟ್‌ಲೆಟ್‌ಗೆ ಪಪ್ಪಾಯಿ ಎಲೆ ರಸ ಕೊಡಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಉತ್ತರ:
ಈಗಲೇ ಹೊರಡಿ. ಉತ್ತರ ಪೂರ್ತಿ ಓದುವುದನ್ನು ದಾರಿಯಲ್ಲಿ ಮಾಡಿ. ಡೋಲೊ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಹಾಗೇ ಇರುತ್ತದೆ. ಕೀಮೋ ಆದವರಿಗೆ 100.4 ಅಂದರೇ ಎಮರ್ಜೆನ್ಸಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ಗೇಟಿನಲ್ಲೇ "ಕೀಮೋ ಆಗಿದೆ, ಜ್ವರ ಇದೆ" ಅಂತ ಹೇಳಿ, ಓಪಿಡಿ ಸಾಲಿನಲ್ಲಿ ನಿಲ್ಲಬೇಡಿ.

ಅಲ್ಲಿ ನೋಡುವ ಅಂಕಿ ಎಎನ್‌ಸಿ, ಅಂದರೆ ನ್ಯೂಟ್ರೋಫಿಲ್ ಅನ್ನುವ ಬಿಳಿಕಣಗಳ ಸಂಖ್ಯೆ. ಒಟ್ಟು ಬಿಳಿಕಣ 800, ಅದರಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 10 ಇದ್ದರೆ ಎಎನ್‌ಸಿ 80. ಅದು 500ಕ್ಕಿಂತ ಕೆಳಗಿದ್ದರೆ ಸೋಂಕಿನ ಜೊತೆ ಹೋರಾಡಲು ಮೈಯಲ್ಲಿ ಸೈನ್ಯವೇ ಇಲ್ಲ. ಸೋಂಕಿನ ಸುಳಿವು ಕೊಡುವ ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆಗಳು ನಾರ್ಮಲ್ ಬಂದರೂ ಆ ಮೊದಲ ಡೋಸ್ ತಡ ಮಾಡುವುದಿಲ್ಲ.

ಪಪ್ಪಾಯಿ ರಸ ಬೇಡ. ಡೆಂಗ್ಯೂನಲ್ಲಿ ಮಜ್ಜೆ ತಾನೇ ಚೇತರಿಸಿಕೊಳ್ಳುತ್ತದೆ. ಇಲ್ಲಿ ಕೀಮೋದಿಂದ ಮಜ್ಜೆ ಖಾಲಿಯಾಗಿದೆ. ಹಸಿ ರಸದಿಂದ ಸೋಂಕು ಬರಬಹುದು, ಅಷ್ಟೇ.

ಪ್ರಶ್ನೆ (ರಾಜಾಜಿನಗರದಿಂದ, ಮತ್ತೆ):
ಮೇಡಂ, ಅತ್ತಿಗೆಗೆ ಹೇಳಿದೆ. ಅತ್ತರು, ಆಮೇಲೆ ನೋಟ್‌ಬುಕ್ ಕೇಳಿದರು. ಫೈಬ್ರಿನೋಜೆನ್ 210. ಎರಡನೇ ಸಲ ಪೊಟ್ಯಾಸಿಯಂ 4.8 ಬಂತು. ಈಗ ಪ್ಲೇಟ್‌ಲೆಟ್ ಡೋನರ್ ತನ್ನಿ ಅಂದಿದ್ದಾರೆ. ನಾನು, ತಮ್ಮ ಇಬ್ಬರೂ ಅದೇ ಗ್ರೂಪ್. ಕೊಡಲಾ?

ಉತ್ತರ:
210, 4.8 ಎರಡೂ ಒಳ್ಳೆಯ ಸುದ್ದಿ. ನಾಳೆಯೂ ಇದೇ ಅಂಕಿಗಳನ್ನು ನೋಡಿ. ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಒಂದು ದಿನದ ಲೆಕ್ಕಕ್ಕಿಂತ ಮುಖ್ಯ.

ನೀವಿಬ್ಬರೂ ಸದ್ಯಕ್ಕೆ ಕೊಡಬೇಡಿ. ಮುಂದೆ ಮೂಳೆಮಜ್ಜೆ ಕಸಿ ಬೇಕಾದರೆ ಒಡಹುಟ್ಟಿದವರನ್ನೇ ಮೊದಲು ನೋಡುತ್ತೇವೆ. ಈಗಲೇ ನಿಮ್ಮ ರಕ್ತ ಹೋದರೆ ಅಣ್ಣನ ದೇಹ ಅದರ ವಿರುದ್ಧ ತಯಾರಾಗಿಬಿಡಬಹುದು. ಅಣ್ಣನ ಆಫೀಸಿನವರನ್ನು, ಸ್ನೇಹಿತರನ್ನು ಕೇಳಿ. ಎಸ್‌ಡಿಪಿ (ಒಬ್ಬರಿಂದಲೇ ಮೆಷಿನ್ ಮೂಲಕ ತೆಗೆಯುವ ಪ್ಲೇಟ್‌ಲೆಟ್) ಕೊಡಲು ಒಬ್ಬರಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಹಿಂದಿನ ಮೂರು ದಿನ ಆಸ್ಪಿರಿನ್ ತಗೊಂಡಿರಬಾರದು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಇಟ್ಟುಕೊಳ್ಳಲು ಬರುವುದಿಲ್ಲ, ಹಾಗಾಗಿ ಎಲ್ಲರನ್ನೂ ಒಂದೇ ದಿನ ಕರೆಸಬೇಡಿ. ಅತ್ತಿಗೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಂಟು ಹತ್ತು ಜನರ ಹೆಸರು, ಗ್ರೂಪ್, ಯಾವ ದಿನ ಬರಲು ಆಗುತ್ತದೆ ಅಂತ ಬರೆದಿಡಿ.