ಎಸ್‌ಬಿಎ: ಸೀರಂ ಇಲ್ಲದ ವೆಲ್‌ನಲ್ಲೂ ಮೆನಿಂಗೊಕಾಕಸ್ ಸಾಯ್ತಿದೆ, ಏನ್ಮಾಡೋದು?

ಹಾಸನ_ಬೆಂಚ್:
ಲಸಿಕೆ ಹಾಕಿಸ್ಕೊಳ್ಳದ ದೊಡ್ಡವರಲ್ಲಿ ಮೆನಿಂಗೊಕಾಕಸ್ (ಮಿದುಳು ಪೊರೆಯ ಜ್ವರ ತರೋ ಬ್ಯಾಕ್ಟೀರಿಯಾ) ಡಬ್ಲ್ಯೂ ಗುಂಪಿನ ವಿರುದ್ಧ ಸಹಜವಾಗಿ ಎಷ್ಟು ರೋಗನಿರೋಧಕ ಶಕ್ತಿ ಇದೆ ಅಂತ ಅಳೀಬೇಕು. ಎಸ್‌ಬಿಎ (ಸೀರಂ ಬ್ಯಾಕ್ಟೀರಿಯಾವನ್ನ ಎಷ್ಟು ಕೊಲ್ತದೆ ಅಂತ ನೋಡೋ ಪರೀಕ್ಷೆ) ಹಾಕಿದ್ರೆ ಎಲ್ಲಾ ಸ್ಯಾಂಪಲ್‌ನ ಟೈಟರ್ (ಎಷ್ಟು ಪಟ್ಟು ತೆಳು ಮಾಡಿದ್ರೂ ಸೀರಂ ಕೊಲ್ತದೆ ಅನ್ನೋ ಅಂಕಿ) 128ರ ಮೇಲೆ! ಸ್ಯಾಂಪಲ್ ಸೀರಂ ಹಾಕದ ಕಂಟ್ರೋಲ್ ವೆಲ್‌ನಲ್ಲೂ (ಪ್ಲೇಟಿನ ಗುಳಿ) ಅರ್ಧಕ್ಕಿಂತ ಜಾಸ್ತಿ ಸಾಯ್ತಿದೆ. ಬಫರ್ ಬದಲಾಯ್ಸಿದೆ, ಪ್ಲೇಟ್ ಬದಲಾಯ್ಸಿದೆ, ತಲೆ ಕೆಟ್ಟೋಗಿದೆ. ಪ್ರೋಟೋಕಾಲ್ ಮಾಮೂಲಿದೇ.

ಗಿರಿ_ಮೈಕ್ರೊ (ಚಿಕ್ಕಮಗಳೂರು):
ಸೀರಂ ಕಾಯ್ಸೋ ವಾಟರ್ ಬಾತ್ ನೋಡಿ ಮಾರಾಯ್ರೆ. ಡಿಸ್‌ಪ್ಲೇ 56 ಅಂದ್ರೆ ಸೀರಂ 56 ಅಂತಲ್ಲ. ಒಂದು ಟ್ಯೂಬಿಗೆ ನೀರು ಹಾಕಿ ಥರ್ಮಾಮೀಟರ್ ಇಳಿಸಿ, ಅದು 56 ಮುಟ್ಟಿದ ಮೇಲೆ 30 ನಿಮಿಷ ಲೆಕ್ಕ. ಮುಚ್ಚಳಕ್ಕೆ ಅಂಟಿದ ಹನಿ ಬಿಸಿಯಾಗೋದಿಲ್ಲ, ಮೊದ್ಲೇ ಸ್ಪಿನ್ ಮಾಡಿ. ಸ್ಯಾಂಪಲ್‌ನ ಸ್ವಂತ ಕಾಂಪ್ಲಿಮೆಂಟ್ (ಆಂಟಿಬಾಡಿ ಜತೆ ಸೇರಿ ಬ್ಯಾಕ್ಟೀರಿಯಾ ಕೊಲ್ಲೋ ರಕ್ತದ ಪ್ರೋಟೀನ್‌ಗಳು, ಕಾಯ್ಸಿದ್ರೆ ಹಾಳಾಗ್ತವೆ) ಉಳ್ಕೊಂಡ್ರೆ ಹೀಗೇ ಆಗೋದು.

ಹಾಸನ_ಬೆಂಚ್:
ಬಾತ್ ಸರಿ ಇದೆ ಸಾರ್.

ಟೈಟರ್_ಮೇಡಂ:
ಸೀರಂ ಹಾಕದ ವೆಲ್‌ನಲ್ಲೇ ಸಾಯ್ತಿರೋವಾಗ ಸೀರಂ ಕಾಯ್ಸಿದ್ದು ಸರಿಯೋ ತಪ್ಪೋ ಅನ್ನೋದು ಆಮೇಲಿನ ಮಾತು. ಲೆಕ್ಕ ಕೊಡಿ: ಸೊನ್ನೆ ನಿಮಿಷ, 60 ನಿಮಿಷ, ಕಾಂಪ್ಲಿಮೆಂಟ್ ಕಾಯ್ಸಿದ್ದು, ಕಾಯ್ಸದ್ದು. ಕಾಂಪ್ಲಿಮೆಂಟ್ ಯಾವುದು?

ಗಿರಿ_ಮೈಕ್ರೊ:
ಬಾತ್ ಸರಿ ಇದೆ ಅಂತ ಎಲ್ಲರೂ ಹೇಳ್ತಾರೆ. ನಮ್ಮದ್ರಲ್ಲಿ ನೀರು ಸುತ್ತಿಸೋ ಪಂಪ್ ಇದೆ, ಮೂಲೆಗೂ ನಡುವಿಗೂ 0.2 ಡಿಗ್ರಿ ವ್ಯತ್ಯಾಸ ಬರಲ್ಲ.  

ಹಾಸನ_ಬೆಂಚ್:
20 ಮೈಕ್ರೊಲೀಟರ್ ಸೀರಂ ಡೈಲ್ಯೂಷನ್, 10 ಬ್ಯಾಕ್ಟೀರಿಯಾ, 10 ಕಾಂಪ್ಲಿಮೆಂಟ್. ಅದ್ರಲ್ಲಿ 10 ತೆಗೆದು ಪ್ಲೇಟ್ ಓರೆ ಹಿಡಿದು ಹರಿಸ್ತೀವಿ. ಸೊನ್ನೆ ನಿಮಿಷ 180 ಕಾಲೊನಿ. ಸೀರಂ ಇಲ್ಲದೆ, ಕಾಯ್ಸಿದ ಕಾಂಪ್ಲಿಮೆಂಟ್: 60 ನಿಮಿಷಕ್ಕೆ 190. ಕಾಯ್ಸದ್ದು: 70. ಸ್ಯಾಂಪಲ್ ಜತೆ ಕಾಯ್ಸಿದ ಕಾಂಪ್ಲಿಮೆಂಟ್: 185. ಕಾಂಪ್ಲಿಮೆಂಟ್ ಲ್ಯಾಬಿನವರದ್ದೇ ಸೀರಂ ಬೆರೆಸಿದ ಪೂಲ್.

ಕೆಂಪುಮಣ್ಣು:
ಮನುಷ್ಯರದ್ದು ಯಾಕೆ? ಮರಿ ಮೊಲದ್ದು ತರಿಸಿ, ಜಗಳವೇ ಇಲ್ಲ.

ಗಿರಿ_ಮೈಕ್ರೊ:
ಮೊಲದ್ದಾ! ಬಿ ಗುಂಪಿಗೆ ಅದು ಹಾಕಿ ಪೇಪರ್ ಕಳ್ಸಿ ನೋಡಿ, ವಾಪಸ್ ಬರ್ತದೆ.

ಕೆಂಪುಮಣ್ಣು:
ಅವರು ಮಾಡ್ತಿರೋದು ಡಬ್ಲ್ಯೂ. ಓದಿ ಬರೀರಿ.

ಟೈಟರ್_ಮೇಡಂ:
ಕಾಯ್ಸಿದ್ದರಲ್ಲಿ 185, 190 ಇದೆ. ಹಾಗಾಗಿ ಸ್ಯಾಂಪಲ್‌ನಲ್ಲಿ ಆಂಟಿಬಯಾಟಿಕ್ ಇಲ್ಲ, ಬಫರ್ ಕೊಲ್ತಿಲ್ಲ, ಕಲ್ಚರ್ ಹಳೇದಾಗಿ ತಾನೇ ಒಡೀತಿಲ್ಲ. ಕೊಲ್ತಿರೋದು ಆ ಪೂಲ್. ಲ್ಯಾಬಿನವರು ಎಸಿಡಬ್ಲ್ಯೂವೈ (ಎ, ಸಿ, ಡಬ್ಲ್ಯೂ, ವೈ ಗುಂಪುಗಳ) ಲಸಿಕೆ ಹಾಕಿಸ್ಕೊಂಡವರಾ?

ಹಾಸನ_ಬೆಂಚ್:
ಹೌದು ಮೇಡಂ, ಮೆನಿಂಗೊಕಾಕಸ್ ಮುಟ್ಟೋವ್ರು ಹಾಕಿಸ್ಕೊಂಡಿರ್ಲೇಬೇಕಲ್ವಾ?

ಟೈಟರ್_ಮೇಡಂ:
ಹಾಕಿಸ್ಕೊಳ್ಳಲೇಬೇಕು, ಆದ್ರೆ ಅದೇ ರಕ್ತ ಕಾಂಪ್ಲಿಮೆಂಟಿಗೆ ಆಗಲ್ಲ. ಡಬ್ಲ್ಯೂ ಆಂಟಿಬಾಡಿನೂ ಕಾಂಪ್ಲಿಮೆಂಟೂ ಒಟ್ಟಿಗೇ ಸುರೀತಿದೀರಿ. ಈ ಬ್ಯಾಕ್ಟೀರಿಯಾದ ಹತ್ತಿರಕ್ಕೆ ಹೋಗದ, ಲಸಿಕೆ ಇಲ್ಲದವರ ರಕ್ತ ತಗೊಳ್ಳಿ. ಪೂಲ್ ಮಾಡೋಕೆ ಮುಂಚೆ ಒಬ್ಬೊಬ್ಬರದ್ದೂ ಬೇರೆಬೇರೆ, ಕೊನೆಯ 25% ಪ್ರಮಾಣದಲ್ಲೇ, ನಿಮ್ಮದೇ ತಳಿ ಮೇಲೆ ನೋಡಿ. ಲಸಿಕೆ ಇಲ್ಲದವರಲ್ಲೂ ಗಂಟಲಲ್ಲಿ ಮೆನಿಂಗೊಕಾಕಸ್ ಇಲ್ಲವೇ ಅದರ ನಿರುಪದ್ರವಿ ನೆಂಟ ಲ್ಯಾಕ್ಟಾಮಿಕಾ ಬಂದುಹೋಗಿ ಆಂಟಿಬಾಡಿ ಇರ್ತದೆ, ಅದನ್ನೇ ತಾನೇ ನೀವು ಹುಡುಕ್ತಿರೋದು? ಹಾಗಾಗಿ ತುಂಬಾ ಜನ ಜರಡಿಯಲ್ಲಿ ಹೋಗ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾಡೋ ಇಡಿಟಿಎ, ಹೆಪಾರಿನ್ ಟ್ಯೂಬ್ ಬೇಡ. ಸೀರಂ ಬೇರ್ಪಡಿಸಿದ ತಕ್ಷಣ ಸಣ್ಣ ಪಾಲು ಮಾಡಿ ಮೈನಸ್ 80ಕ್ಕೆ ಹಾಕಿ. ಕರಗಿಸೋದು ಐಸ್ ಮೇಲೆ, ಮತ್ತೆ ಫ್ರೀಜ್ ಮಾಡ್ಬೇಡಿ.

ಕೆಂಪುಮಣ್ಣು:
ಆಂಟಿಬಾಡಿ ತೆಗೆಯೋಕೆ ಪ್ರೋಟೀನ್ ಜಿ ಕಾಲಂನಲ್ಲಿ ಹಾಯ್ಸಿದ್ರೆ ಆಗಲ್ವಾ?

ಟೈಟರ್_ಮೇಡಂ:
ಅದು ಐಜಿಜಿ ಅನ್ನೋ ಬಗೆಯ ಆಂಟಿಬಾಡಿ ಮಾತ್ರ ಹಿಡೀತದೆ, ಐಜಿಎಂ ಅನ್ನೋ ಬಗೆ ಉಳೀತದೆ. ಕಾಂಪ್ಲಿಮೆಂಟನ್ನ ಎಬ್ಬಿಸೋದ್ರಲ್ಲಿ ಐಜಿಎಂ ಇನ್ನೂ ಜೋರು. ಮೊಲದ್ದು ಡಬ್ಲ್ಯೂಗೆ ನಡೀತದೆ, ಆದ್ರೆ ಟೈಟರ್ ಮೇಲೆ ಬರ್ತದೆ. ಮನುಷ್ಯ ಕಾಂಪ್ಲಿಮೆಂಟಿಗೆ ರಕ್ಷಣೆ ಇದೆ ಅನ್ನೋ ಟೈಟರ್ ಮಿತಿ 4, 1969ರಲ್ಲಿ ಅಮೆರಿಕದ ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನ ನೋಡಿ ಬಂದದ್ದು. ಮೊಲಕ್ಕೆ ಬಳಸೋದು 8. ಎರಡನ್ನೂ ಒಂದೇ ಟೇಬಲಿಗೆ ಹಾಕ್ಬೇಡಿ. ಬಿ ವಿಷಯದಲ್ಲಿ ಗಿರಿ ಹೇಳಿದ್ದು ನಿಜ. ನಮ್ಮ ರಕ್ತದ ಫ್ಯಾಕ್ಟರ್ ಎಚ್ ಅನ್ನೋ ಪ್ರೋಟೀನ್ ಬಿ ಬ್ಯಾಕ್ಟೀರಿಯಾದ ಮೇಲೆ ಕೂತು ಕಾಂಪ್ಲಿಮೆಂಟನ್ನ ತಡೀತದೆ, ಮೊಲದ್ದು ಕೂರಲ್ಲ. ಅದಕ್ಕೇ ಮೊಲದ್ದು ಹಾಕಿದ್ರೆ ಸುಲಭವಾಗಿ ಸಾಯ್ತದೆ.

ಹಾಸನ_ಬೆಂಚ್:
ಅಕೌಂಟ್ಸ್‌ನ ಇಬ್ಬರದ್ದು ನೋಡಿದೆ. ಒಬ್ಬರದ್ದು ಸೊನ್ನೆಗೆ 176, 60ಕ್ಕೆ 181. ಇನ್ನೊಬ್ಬರದ್ದು ಕೊಲ್ತು. ಮೊದಲನೇದ್ರಲ್ಲಿ ಸ್ಯಾಂಪಲ್ ಹಾಕಿದ್ರೆ ಕೆಲವು 4ರ ಕೆಳಗೆ, ಕೆಲವು 16. 1:2ರಿಂದ ಶುರು ಮಾಡಿದೀನಿ, ಅದನ್ನ 2 ಅಂತ ಬರೀಲಾ?

ಟೈಟರ್_ಮೇಡಂ:
20 ಹೋಗಿ 40 ಆಗ್ತದಲ್ಲ, 1:4 ಅಂತ ಬರೀರಿ.

ಗಿರಿ_ಮೈಕ್ರೊ:
ಆದ್ರೂ ಬಾತ್ ಒಮ್ಮೆ ಅಳೀರಿ.

ಸಕಲೇಶಪುರ_07:
ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಐದು ಗುಂಪಿನ ಲಸಿಕೆಗೆ 2023ರಲ್ಲಿ ಡಬ್ಲ್ಯೂಎಚ್‌ಒ ಒಪ್ಪಿಗೆ ಸಿಕ್ತಲ್ಲ, ಅದ್ರಲ್ಲಿ ಎಕ್ಸ್ ಇದೆ. ಎಕ್ಸ್ ತಳಿಗೂ ಇದೇ ಅಕೌಂಟ್ಸ್‌ನವರ ಸೀರಂ ನಡೀತದಾ?

ಟೈಟರ್_ಮೇಡಂ:
ತಳಿ ಬದಲಾದ್ರೆ ಹೊಸದಾಗಿ ನೋಡ್ಬೇಕು. ಬೇರೆ ಥ್ರೆಡ್ ಹಾಕಿ.